ಒಂದಕ್ಕೆ

"ಹನ್ನೆರಡು ಪೆನ್ನಿಗೆ ಮೂವತ್ತಾರು ರೂಪಾಯಿ.
ಹಾಗಾದರೆ ಒಂದಕ್ಕೆ?"
ಶಿವನಂಜಪ್ಪ ಮೇಷ್ಟ್ರು ಕೇಳುವಾಗ
ನನ್ನ ಕಿರುಬೆರಳು ಆಗಲೇ ಮೇಲಿತ್ತು.
"ಸಾ, ಒಂದಕ್ಕೆ."
ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರೂ ನಕ್ಕರು.
ನಗು ಮುಗಿಯಲೆಂದು ತೊಡೆಗೆ ತೊಡೆ ಬಿಗಿದು
ನಿಂತಿದ್ದೀರಾ ಯಾವತ್ತಾದರೂ?
"ಬೆಲ್ ಹೊಡೀಲಿ. ಕೂತ್ಕೊ."

ಪಾಂಡವಪುರದಾಚೆ, ನಾಲೆ ಏರಿಯ ಮಗ್ಗುಲಿಗೆ ನಮ್ಮ ಸ್ಕೂಲು.
ಕಿಟಕಿಯಾಚೆ ಹಗಲಿಡೀ ಹರಿಯುವ ನೀರಿನ ಸದ್ದು.
ತಡೆದುಕೊಂಡವರಿಗೆ ಅದಕ್ಕಿಂತ ಶತ್ರು ಬೇಡ.
ಶೌಚಾಲಯ ಇತ್ತು. ಇರಲಿಲ್ಲ ಅನ್ನಬಾರದು.
ಹಳದಿ ಬಣ್ಣ, ಕಲ್ಲಿನಲ್ಲಿ ಕೆತ್ತಿದ ದಾನಿಗಳ ಹೆಸರು,
ಒಳಗೆ ಕಾಲು ಮುರಿದ ಬೆಂಚು, ಬಿಸಿಯೂಟದ ಖಾಲಿ ಚೀಲ,
ಪ್ರಭಾತಫೇರಿಯ ಬೋರ್ಡು.
ಬೀಗ ಮಾತ್ರ ಹೊಸದು.
ಸಾಹೇಬರು ಇನ್‌ಸ್ಪೆಕ್ಷನ್ನಿಗೆ ಬಂದ ದಿನ ತೆಗೆದು, ಫಿನಾಯಿಲ್ ಹೊಡೆದು,
ಜೀಪು ತಿರುಗಿದ ಮೇಲೆ ಮತ್ತೆ ಜಡಿಯುತ್ತಿದ್ದರು.

ಹುಡುಗರಿಗೆ ಕಾಂಪೌಂಡು ಗೋಡೆ.
ನಮಗೆ ಜವರಣ್ಣನ ಕಬ್ಬಿನ ಗದ್ದೆ.
ಒಬ್ಬಳು ಕೂತರೆ ಇಬ್ಬರು ಕಾವಲು,
ಗರಿ ಕುಯ್ದ ಕಾಲಿಗೆ ಉಗುಳು ಸವರಿ ಓಡಿ ಬರೋದು.
ಆಲೆಮನೆ ಹೊಗೆ ಎದ್ದ ವಾರ ಕಟಾವಿನವರು ಬಂದರು.
ಮಧ್ಯಾಹ್ನಕ್ಕೆ ಗದ್ದೆ ಬೋಳು,
ರಸ್ತೆಯ ಬಸ್ಸಿನ ಬೋರ್ಡು ಓದುವಷ್ಟು ಬೋಳು.
ಊರವರು ಟನ್ನಿನ ಲೆಕ್ಕ ಹಾಕುತ್ತಿದ್ದರು.
ಏಳನೇ ಕ್ಲಾಸಿನ ಹುಡುಗಿಯರು ನಾವು
ಬಿದ್ದುಹೋದ ನಮ್ಮ ಗೋಡೆ ನೋಡುತ್ತಿದ್ದೆವು.

ಅವತ್ತಿಂದ ಅವ್ವನ ಪಾಠ:
"ನೀರ್ ಕುಡಿಬ್ಯಾಡ ಕಣವ್ವ, ಸಂದೆಗ್ ಬಂದ್ ಕುಡಿ."
ಕಲಿತೆ. ಉರಿ ಬಂತು, ಜ್ವರ ಬಂತು.
"ಯಾಕಮ್ಮ ತಡ್ಕೋತೀಯ?" ಡಾಕ್ಟರು ಬೈದರು.
ಅವ್ವ ಸೆರಗಿನ ಅಂಚು ನೋಡಿಕೊಂಡಳು.
ಮುಟ್ಟಾದ ದಿನ ಸ್ಕೂಲಿಗೇ ಹೋಗುತ್ತಿರಲಿಲ್ಲ.
ಹಾಜರಿ ಪುಸ್ತಕದಲ್ಲಿ ಅದಕ್ಕೂ
ಮಾವನ ಮದುವೆಗೂ ಒಂದೇ "ಗೈ".

ಈಗ ಅದೇ ಲೆಕ್ಕ ನಾನು ಹೇಳಿಕೊಡುತ್ತೇನೆ,
ಮದ್ದೂರಿನ ಹತ್ತಿರ, ಅತಿಥಿ ಶಿಕ್ಷಕಿ,
ಸಂಬಳ ಬಂದಾಗ ಬಂತು.
ಈಗ ನೀರಿನ ಬೆಲ್ ಬೇರೆ ಇದೆ.
ಹೊಡೆದ ಕೂಡಲೇ ಮಕ್ಕಳೆಲ್ಲ ಬಾಟಲಿ ಎತ್ತಿ ಗಟಗಟ ಕುಡಿಯಬೇಕು.
ಕುಡಿದ ನೀರು ಹೊರಗೆ ಹೋಗುವುದಕ್ಕೆ
ಬೆಲ್ ಇಲ್ಲ.

ಮಂಗಳವಾರ, ಮೂರನೇ ಪೀರಿಯಡ್ಡು,
ಬಿಂದುಶ್ರೀ ಕಿರುಬೆರಳೆತ್ತಿದಳು.
"ಈಗ ತಾನೇ ಇಂಟರ್ವಲ್ ಆಯ್ತಲ್ಲ, ಕೂತ್ಕೊ" ಎಂದೆ.
ಬಂದದ್ದು ಶಿವನಂಜಪ್ಪ ಮೇಷ್ಟ್ರ ದನಿ,
ಕೆಮ್ಮಿನ ಸಮೇತ.
ಹುಡುಗಿ ಕೂತಳು. ಪೆನ್ಸಿಲು ಕಚ್ಚಿದಳು.
ಬೆಂಚಿನ ಕೆಳಗೆ ಕಾಲಿಗೆ ಕಾಲು ಹೆಣೆದದ್ದು ನನಗೆ ಕಂಡಿತು.
ಕಂಡೂ ಬೋರ್ಡಿನ ಕಡೆ ತಿರುಗಿದೆ,
ಎರಡು ಲೆಕ್ಕ ಬರೆದೆ, ಮುಚ್ಚಿಡುವುದಿಲ್ಲ.
ಆಮೇಲೆ ಒಂದು ಗೆರೆ ನೀರು
ಬೆಂಚಿನಡಿಯಿಂದ ಹೊರಟು
ನನ್ನ ಚಪ್ಪಲಿಯವರೆಗೆ ಬಂತು.
ಯಾರೂ ನಗಲಿಲ್ಲ.
ನಕ್ಕಿದ್ದರೆ ವಾಸಿಯಿತ್ತು.

ಕೀಲಿ ಹೆಡ್ಮಾಷ್ಟ್ರ ಡ್ರಾಯರಿನಲ್ಲಿತ್ತು, ಕಳೆಯದಿರಲೆಂದು
ಲಟ್ಟಣಿಗೆ ಗಾತ್ರದ ಕಟ್ಟಿಗೆಗೆ ಕಟ್ಟಿಟ್ಟಿದ್ದರು.
"ಗಲೀಜು ಮಾಡ್ತವೆ ಮೇಡಂ."
"ಮಾಡ್ಲಿ ಸಾರ್, ತೊಳೆಯೋಣ."
"ಪಾಠ ತಪ್ಪಿಸ್ಕೊಂಡು ತಿರುಗ್ತವೆ."
ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕೆಲವರು ತಿರುಗಬಹುದು.
ಬುಧವಾರ ಬೆಳಿಗ್ಗೆ ತಂದು
ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದೆ.
"ನನ್ನ ಕೇಳಬೇಡಿ. ಹೋಗಿ, ಬನ್ನಿ."

ಎರಡು ದಿನ ಯಾರೂ ಮುಟ್ಟಲಿಲ್ಲ.
ಬೇರೆಯವರ ಮನೆಯ ಟಿವಿ ನೋಡುವ ಹಾಗೆ
ಆಗಾಗ ಅದನ್ನು ನೋಡಿ ತಲೆ ತಗ್ಗಿಸುತ್ತಿದ್ದರು.

ಶುಕ್ರವಾರ ಬೋರ್ಡಿನಿಂದ ಈಚೆ ತಿರುಗಿದಾಗ
ಮೊಳೆ ಖಾಲಿ.
ಯಾವ ಬೆಂಚಿನಲ್ಲಿ ಜಾಗ ಖಾಲಿಯೆಂದು
ಎಣಿಸಲಿಲ್ಲ.
"ಹದಿನೈದಕ್ಕೆ ತೊಂಬತ್ತು" ಎಂದೆ,
"ಮೊದಲು ಒಂದಕ್ಕೆ, ಹೇಳಿ."